ಜೇಬಕ್ಕ ಹತ್ತಿದ ಮೆಟ್ಟಿಲು

ಜೇಬಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಕೊಳೆಬಟ್ಟೆಯ ಗಂಟು ಬಿಚ್ಚಿ, ಯಂತ್ರಕ್ಕೆ ಹಾಕುವ ಮೊದಲು ಪ್ರತಿಯೊಂದರ ಜೇಬಿಗೂ ಕೈ ಹಾಕಿ ನೋಡುವುದು ಅವಳ ಕೆಲಸ. ಡಾಕ್ಟರುಗಳ ಬಿಳಿ ಕೋಟು, ನರ್ಸುಗಳ ಏಪ್ರನ್ನು, ಅಡುಗೆಯವರ ಮೇಲಂಗಿ, ರೋಗಿಗಳ ಪಟ್ಟೆ ಅಂಗಿ. ಒಂದು ಪೆನ್ನು ತಪ್ಪಿ ಒಳಗೆ ಹೋದರೆ ಮೂವತ್ತು ಬೆಡ್‌ಶೀಟು ಹಾಳು. ಇಪ್ಪತ್ತೆಂಟು ವರ್ಷ, ದಿನಕ್ಕೆ ನಾಲ್ಕೈನೂರು ಜೇಬು. ನೆನೆಸಿಕೊಂಡರೇ ನನಗೆ ಸುಸ್ತಾಗುತ್ತದೆ.

ಅಷ್ಟು ಪಳಗಿದ ಕೈ ಆಮೇಲೆ ಯಜಮಾನಿಯ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರೆ ಜೇಬಕ್ಕ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಒಮ್ಮೆ ನೆಂಟರ ಮನೆಗೆ ಹೋದವಳು ಗೋಡೆಯ ಮೊಳೆಗೆ ತೂಗುಹಾಕಿದ್ದ ಕೋಟುಗಳ ಜೇಬನ್ನೆಲ್ಲ ಖಾಲಿ ಮಾಡಿ, ಸಿಕ್ಕಿದ್ದನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಮೇಲೆ ನಾಲಿಗೆ ಕಚ್ಚಿಕೊಂಡಳಂತೆ. ಅವಳ ಗಂಡ ಬಸ್ ಡಿಪೋದಲ್ಲಿ ಟಯರು ಬದಲಿಸುವವನು, ಕಮ್ಮಿ ಮಾತಿನ ಮನುಷ್ಯ. ನಾವು ಮನೆಗೆ ಹೋದಾಗ ಒಂದೇ ದೂರು ಹೇಳುತ್ತಿದ್ದ. "ಮದುವೆ ಆದಾಗಿನಿಂದ ನನ್ನ ಜೇಬಲ್ಲಿ ಒಂದು ಬೆಂಕಿಪೊಟ್ಟಣ ನಿಂತಿಲ್ಲಮ್ಮ. ಎಲ್ಲಾ ಕಿಟಕಿ ಮೇಲಿರುತ್ತೆ."

ಸಿಕ್ಕಿದ್ದನ್ನು ಹಾಗೆ ಒಂದು ಕಡೆ ಇಟ್ಟು ಸುಮ್ಮನಿರುವುದು ಅವಳ ಕ್ರಮ. ಲಾಂಡ್ರಿಯ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಬೀಗದಕೈ, ಉಂಗುರ, ಬಾಚಣಿಗೆ, ಅರ್ಧ ತಿಂದ ಚಾಕೊಲೇಟು, ಎಲ್ಲವೂ ಅದರೊಳಗೆ. ಕಳೆದುಕೊಂಡವರು ಬಂದು ತಗೊಂಡು ಹೋಗಬೇಕು. ಯಾರದು, ಏನು, ಯಾಕೆ ಎಂದು ಜೇಬಕ್ಕ ಕೇಳುತ್ತಿರಲಿಲ್ಲ, ತಲೆ ಕೂಡ ಎತ್ತುತ್ತಿರಲಿಲ್ಲ. ಒಂದು ಸಲ ಹಲ್ಲಿನ ಸೆಟ್ಟು ಹದಿನೈದು ದಿನ ಆ ಡಬ್ಬಿಯಲ್ಲಿ ನಗುತ್ತಾ ಕೂತಿತ್ತು.

ಈ ಮೌನಕ್ಕೆ ಕಾರಣ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ನರ್ಸಿನ ಏಪ್ರನ್ನಿನಲ್ಲಿ ಮಡಚಿದ ಕಾಗದ ಸಿಕ್ಕಿತು. ಜೇಬಕ್ಕ ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದು "ಯಾರದ್ರೀ ಇದು?" ಎಂದು ಕೂಗಿದಳು. ಅದು ಬೇರೆ ಆಸ್ಪತ್ರೆಗೆ ಬರೆದ ಕೆಲಸದ ಅರ್ಜಿ. ಕೇಳಿಸಿಕೊಂಡವಳು ಮೇಟ್ರನ್. ಆ ನರ್ಸನ್ನು ಮರುದಿನವೇ ಸುಟ್ಟಗಾಯದ ವಾರ್ಡಿಗೆ ಹಾಕಿದರು, ಹುಡುಗಿ ಮೂರು ತಿಂಗಳು ಅತ್ತು ಅತ್ತು ಕೆಲಸ ಬಿಟ್ಟು ಹೋದಳು. ಅಂದಿನಿಂದ ಜೇಬಕ್ಕ ಜೇಬಿನ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡಳು.

ಬೆಟ್ಟದ ಹುಚ್ಚು ನಮಗೆ ಹಿಡಿದದ್ದು ಲಿಫ್ಟು ಕೆಟ್ಟ ಒಂದು ವಾರದಲ್ಲಿ. ಒಗೆದ ಬಟ್ಟೆಯ ಗಂಟುಗಳನ್ನು ನಾವೇ ಬೆನ್ನ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಬೇಕಾಯಿತು. ಆರನೆಯ ದಿನ ನಾಲ್ಕನೆಯ ಮಹಡಿಯ ಕಿಟಕಿಯ ಹತ್ತಿರ ಕುಕ್ಕರಿಸಿ ಏದುಸಿರು ಬಿಡುತ್ತಿದ್ದಾಗ, ನೀರಿನ ಟ್ಯಾಂಕಿಗೂ ಹೊಗೆಕೊಳವೆಗೂ ನಡುವೆ ದೂರದ ಬೆಟ್ಟಸಾಲು ಕಂಡಿತು. ಬಾಣ ಅದನ್ನು ನೋಡಿ ಹೇಳಿದಳು, "ಇಷ್ಟು ಹತ್ತಿದೋರಿಗೆ ಅದೇನು ಮಹಾ? ಅಲ್ಲಾದ್ರೆ ಬೆನ್ನ ಮೇಲೆ ಬಟ್ಟೆ ಗಂಟು ಇರಲ್ಲ."

ಬಾಣ ಅಂದರೆ ದೊಡ್ಡ ಇಸ್ತ್ರಿ ಯಂತ್ರದವಳು. ಬೆಳಗಿನಿಂದ ಸಂಜೆಯವರೆಗೆ ಹಬೆಯಲ್ಲಿ ನಿಂತಿರುತ್ತಾಳೆ. ನಡೆಯಲು ಬಿಟ್ಟರೆ ಎಲ್ಲರಿಗಿಂತ ಮುಂದೆ, ಅದಕ್ಕೇ ಆ ಹೆಸರು. ಹರಿದ ಬೆಡ್‌ಶೀಟಿಗೆ ತೇಪೆ ಹಾಕುವವಳು ಸೂಜಿ, ಸಣ್ಣಗೆ, ಚುರುಕಾಗಿ, ಮಾತಿನಲ್ಲಿಯೂ ಚುಚ್ಚುವವಳು. ನಾನು ಮಡಚುವವಳು. ನನ್ನ ಅಡ್ಡಹೆಸರು ಏನೆಂದು ನಾನು ಹೇಳುವುದಿಲ್ಲ, ಚಹಾಕ್ಕೆ ಸಂಬಂಧಪಟ್ಟದ್ದು ಎಂದರೆ ಸಾಕು. ವಯಸ್ಸಿನಲ್ಲಿ ಹಿರಿಯಳಾದ ಜೇಬಕ್ಕ ನಮ್ಮ ನಾಯಕಿ. ವರ್ಷಕ್ಕೊಂದು ವಾರ ರಜೆ, ವರ್ಷಕ್ಕೊಂದು ಶಿಖರ.

ಒಂಬತ್ತು ವರ್ಷದಲ್ಲಿ ಎಂಟು ಶಿಖರ ಹತ್ತಿದೆವು. ಒಂದು ವರ್ಷ ದಾರಿ ತಪ್ಪಿ ಆಡುಗಳ ಹಿಂದೆ ಹೋಗಿ, ಆಡುಗಳು ಮೇಯಲು ನಿಂತ ಕಡೆ ನಾವೂ ನಿಂತು, ಸಂಜೆಗೆ ಅವುಗಳ ಜೊತೆಯಲ್ಲೇ ಕೆಳಗೆ ಬಂದೆವು. ಇನ್ನೊಂದು ವರ್ಷ ನನ್ನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಸೂಜಿ ಅಲ್ಲೇ ಬಂಡೆಯ ಮೇಲೆ ಕೂತು, ನನ್ನನ್ನು ಬಯ್ಯುತ್ತಾ ಬಯ್ಯುತ್ತಾ, ಗೋಣಿದಾರದಲ್ಲಿ ಹೊಲಿದು ಕೊಟ್ಟಳು. ಮತ್ತೊಂದು ವರ್ಷ ನನ್ನ ಹೊಟ್ಟೆ ಕೆಟ್ಟು, ಇಡೀ ಬೆಟ್ಟದಲ್ಲಿ ಎಷ್ಟು ಪೊದೆಗಳಿವೆ ಎಂದು ನನಗೊಬ್ಬಳಿಗೇ ಗೊತ್ತಾಯಿತು. ಕಾಲು ಸೋತು, ತುಟಿ ಒಡೆದು, ಇನ್ನು ಈ ಜನ್ಮದಲ್ಲಿ ಬೇಡ ಎಂದು ಆಣೆ ಮಾಡಿ ಇಳಿಯುತ್ತಿದ್ದೆವು. ಲಾಂಡ್ರಿಗೆ ಮರಳಿ ಎರಡು ದಿನಕ್ಕೆ "ಮುಂದಿನ ಸಲ ಯಾವುದು?" ಎಂಬ ಮಾತು ಶುರು.

ನಮ್ಮ ಜೊತೆ ಯಾವಾಗಲೂ ಒಂದು ರದ್ದಾದ ಬೆಡ್‌ಶೀಟು ಇರುತ್ತಿತ್ತು, ಮೂಲೆಯಲ್ಲಿ ಆಸ್ಪತ್ರೆಯ ಮುದ್ರೆ, ಅದರ ಮೇಲೆ ಕೆಂಪು ಗೀಟು, ನಡುವೆ ಸೂಜಿಯ ಏಳು ತೇಪೆ. ತುದಿ ಮುಟ್ಟಿದ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನುವುದು. ಕಿಟಕಿಯಿಲ್ಲದ ಕೋಣೆಯಲ್ಲಿ ಆಯುಷ್ಯ ಸವೆಸುವವರಿಗೆ ಆ ಬಯಲು ಏನೆಂದು ಹೇಗೆ ಹೇಳಲಿ? ಜೇಬಕ್ಕ ಅಲ್ಲಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಮಲಗಿಬಿಡುತ್ತಿದ್ದಳು. "ಇಲ್ಲಿ ಒಂದೂ ಜೇಬಿಲ್ಲ ಕಣ್ರೇ" ಎನ್ನುತ್ತಿದ್ದಳು. ಆ ಹೊತ್ತು ನನಗೆ ನಿಜವಾಗಿ ಸಂತೋಷ ಆಗುತ್ತಿತ್ತು.

ಮೊದಲು ನಾವು ಐವರಿದ್ದೆವು. ಸೋಪಿನ ಪುಡಿ ಅಳೆದು ಹಾಕುವ ಗೆಳತಿಗೆ ಐದನೆಯ ವರ್ಷ ಮಂಡಿ ನೋವು ಬಂತು. ನಾವು ಬಹಳ ಪ್ರೀತಿಯಿಂದಲೇ ಹೇಳಿದೆವು, "ನೀನು ಕೆಳಗೇ ಇರು, ನಾವು ಹೋಗ್ಬಿಟ್ಟು ಬರ್ತೀವಿ." ಮುಂದಿನ ವರ್ಷ ಅವಳನ್ನು ಕರೆಯಲೇ ಇಲ್ಲ. ಅವಳು ಊಟದ ಹೊತ್ತಿಗೆ ನಮ್ಮ ಮೇಜಿಗೆ ಬರುವುದನ್ನು ಬಿಟ್ಟಳು. ಆಮೇಲೆ ಬೇರೆ ಪಾಳಿಗೆ ಹೋದಳು. ಇದನ್ನು ನಾವು ಯಾರೂ ಮಾತಾಡಿಕೊಳ್ಳಲಿಲ್ಲ. ಆದರೆ ಬಾಣ ಮರೆತಿರಲಿಲ್ಲ ಎಂದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ಒಂಬತ್ತನೆಯ ಶಿಖರ ಎಲ್ಲಕ್ಕಿಂತ ಎತ್ತರದ್ದು. ಅದಕ್ಕೆ ಹೋದಾಗ ಜೇಬಕ್ಕನಿಗೆ ಐವತ್ತೈದು, ನನಗೆ ನಲವತ್ತಾರು, ಬಾಣನಿಗೆ ನಲವತ್ತೆರಡು. ಮೊದಲ ದಿನ ಕಣಿವೆಯಿಂದ ಅರ್ಧ ಬೆಟ್ಟದ ತಂಗುಮನೆಯವರೆಗೆ ನಡಿಗೆ. ದಾರಿಯುದ್ದಕ್ಕೂ ತುಂತುರು. ಬಾಣ ಎಂದಿನ ಹಾಗೆ ಮುಂದೆಯೇ ಇದ್ದಳು, ಆದರೆ ಹತ್ತು ಹೆಜ್ಜೆಗೊಮ್ಮೆ ನಿಂತು "ಆಹಾ, ಎಂಥಾ ನೋಟ ನೋಡ್ರೇ!" ಎನ್ನುತ್ತಿದ್ದಳು. ನೋಡಿದರೆ ಮಂಜು ಬಿಟ್ಟು ಏನೂ ಇಲ್ಲ. ಸೂಜಿ ನನ್ನ ಕಿವಿಯಲ್ಲಿ, "ಇವಳಿಗೆ ವಯಸ್ಸಾಯ್ತು, ಕವಿ ಆಗ್ತಿದ್ದಾಳೆ" ಎಂದಳು. ನಾವಿಬ್ಬರೂ ಕಿಸಕ್ಕನೆ ನಕ್ಕೆವು. ಆ ನಗು ಈಗಲೂ ನನಗೆ ನಾಚಿಕೆ ತರುತ್ತದೆ.

ತಂಗುಮನೆ ಒಂದೇ ಕೋಣೆ, ಅದನ್ನು ನೋಡಿಕೊಳ್ಳುವವನು ಇರುವುದು ಹಿಂದಿನ ಗುಡಿಸಲಿನಲ್ಲಿ. ನಡುವೆ ಕಬ್ಬಿಣದ ಒಲೆ, ಗೋಡೆಯುದ್ದಕ್ಕೂ ಹಲಗೆಯ ಮಂಚ, ಒಂದು ಕಿಟಕಿ. ಸಂಜೆ ನಾವು ಮೂವರು ಬಂದಂತೆಯೇ ಮಂಚಕ್ಕೆ ಬಿದ್ದೆವು. ಜೇಬಕ್ಕ ನಮ್ಮ ಒದ್ದೆ ಕೋಟುಗಳನ್ನು ಒಲೆಯ ಮೇಲಿನ ತಂತಿಗೆ ಹಾಕಲು ಎತ್ತಿಕೊಂಡಳು. ಎತ್ತಿಕೊಂಡದ್ದೇ ತಡ, ಕೈ ತನ್ನ ಕೆಲಸ ಶುರು ಮಾಡಿತು. ನನ್ನ ಜೇಬಿನಿಂದ ಬಸ್ ಟಿಕೆಟು, ಸಕ್ಕರೆಯ ಪೊಟ್ಟಣ. ಸೂಜಿಯ ಜೇಬಿನಿಂದ ದಾರದ ಉಂಡೆ. ಬಾಣನ ಒಳಜೇಬಿನಿಂದ ನೀಲಿ ಬಣ್ಣದ ಇನ್‌ಹೇಲರು. ಎಲ್ಲವನ್ನೂ ಒಂದು ತಟ್ಟೆಯಲ್ಲಿ ಹಾಕಿ ಕಿಟಕಿಯ ಮೇಲಿಟ್ಟಳು.

ಆ ನೀಲಿ ವಸ್ತು ಏನೆಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಗೊತ್ತಿಲ್ಲದಿರುತ್ತದೆಯೇ? ಉಬ್ಬಸದವರ ಉಸಿರೇ ಅದು. ಬಾಣ ಇಷ್ಟು ದಿನ ಅದನ್ನು ಬಚ್ಚಿಟ್ಟುಕೊಂಡು ಬಂದಿದ್ದಾಳೆ, ಮುಖ್ಯವಾಗಿ ನಮ್ಮಿಂದ, ಎಂದು ಜೇಬಕ್ಕನಿಗೆ ಆ ಕ್ಷಣವೇ ಅರ್ಥವಾಯಿತು. ಅರ್ಥವಾದದ್ದಕ್ಕೇ ಬಾಯಿ ಬಿಡಲಿಲ್ಲ. ಎಲ್ಲರ ಎದುರು ಕೂಗಿ ಒಬ್ಬಳ ಬಾಳು ಕೆಡಿಸಿದ್ದು ಸಾಕು ಎಂದುಕೊಂಡಳು. ತಟ್ಟೆಯಲ್ಲಿದೆ, ಬೆಳಿಗ್ಗೆ ತಾನಾಗಿಯೇ ತೆಗೆದುಕೊಳ್ಳುತ್ತಾಳೆ. ಲಾಂಡ್ರಿಯಲ್ಲಿ ಎಲ್ಲರೂ ಹಾಗೆ ತಾನೇ ಮಾಡುವುದು.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಸೂಜಿ ದಾರದ ಉಂಡೆ ತೆಗೆದುಕೊಂಡು ಹೊರಗೆ ಹೋದಳು. ಜೇಬಕ್ಕ ಬಾಟಲಿಗಳಿಗೆ ನೀರು ತುಂಬಲು ಕಿಟಕಿಯ ಆಚೆಗಿದ್ದ ನಲ್ಲಿಗೆ ಹೋದಳು. ಒಳಗೆ ಉಳಿದವರು ಬಾಣ ಮತ್ತು ನಾನು. ನಾನು ಕಿಟಕಿಗೆ ಒರಗಿಕೊಂಡು ಎರಡನೆಯ ಲೋಟ ಚಹಾ ಕುಡಿಯುತ್ತಿದ್ದೆ, ತಟ್ಟೆ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಅದರಲ್ಲಿದ್ದ ನೀಲಿ ವಸ್ತುವನ್ನು ನಾನೂ ನೋಡಿದೆ. ನಮ್ಮಲ್ಲಿ ಯಾರಿಗೂ ಉಬ್ಬಸ ಇಲ್ಲ, ಹಿಂದೆ ತಂಗಿದ್ದ ಯಾರೋ ಮರೆತು ಹೋದದ್ದು ಎಂದುಕೊಂಡೆ.

ಬಾಣ ಬೂಟಿನ ದಾರ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. "ನೀನು ನಡೀತಾ ಇರೇ, ಬಂದೆ" ಎಂದಳು.

"ಅವಸರ ಏನೇ? ಚಹಾ ಮುಗೀಲಿ" ಎಂದೆ.

ಅವಳು ಚೀಲ ತೆಗೆದು ಮತ್ತೆ ಜೋಡಿಸಿದಳು. "ಅಕ್ಕ ಕಾಯ್ತಿದ್ದಾರೆ ಹೋಗು."

"ಕಾಯ್ಲಿ ಬಿಡು. ಹೊರಗೆ ಚಳಿ" ಎಂದು ನಾನು ಇನ್ನೊಂದು ಗುಟುಕು ಕುಡಿದೆ. ಒಲೆಯ ಬಿಸಿ ಮೈಗೆ ಹಿತವಾಗಿತ್ತು, ಏಳುವ ಮನಸ್ಸು ಇರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಸೂಜಿ ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಬಯ್ಯತೊಡಗಿದಳು. ಬಾಣ ಒಂದು ಕ್ಷಣ ನಿಂತಳು, ಆಮೇಲೆ ಬಿರಬಿರನೆ ನಡೆದುಬಿಟ್ಟಳು. ನಾನು ಲೋಟ ಕೆಳಗಿಟ್ಟು, ನನ್ನ ಸಕ್ಕರೆ ಪೊಟ್ಟಣ ತೆಗೆದುಕೊಂಡು, ಬಾಗಿಲು ಎಳೆದುಕೊಂಡು ಹೊರಟೆ.

ತುದಿಗೆ ನಾಲ್ಕು ಗಂಟೆಯ ದಾರಿ. ಕೊನೆಯ ಒಂದು ಗಂಟೆ ಬರೀ ಬಂಡೆ, ನಡುನಡುವೆ ಹಳೆಯ ಹಿಮ, ಮೂಗಿನೊಳಗೆ ಚುಚ್ಚುವ ತಣ್ಣನೆಯ ಗಾಳಿ. ಮೊದಲ ಬಾರಿಗೆ ಬಾಣ ಹಿಂದೆ ಬಿದ್ದಳು. ಜೇಬಕ್ಕ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು. ಎರಡು ಸಲ "ಸಾಕು, ಇಳಿಯೋಣ್ವಾ?" ಎಂದಳು. ಬಾಣ ಬೇಡ ಎಂದು ತಲೆ ಅಲ್ಲಾಡಿಸಿ ಹತ್ತುತ್ತಲೇ ಇದ್ದಳು. ಜೇಬಿನಲ್ಲಿ ಅದು ಇದೆ, ಬೇಕಾದರೆ ಮರೆಯಲ್ಲಿ ಹೋಗಿ ಎಳೆದುಕೊಳ್ಳುತ್ತಾಳೆ ಎಂದು ಜೇಬಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳಂತೆ.

ತುದಿ ಮುಟ್ಟಿದೆವು. ನಾವು ಬೆಡ್‌ಶೀಟು ಹಾಸುವಷ್ಟರಲ್ಲಿ ಬಾಣ ಕೂತಲ್ಲೇ ಮುಂದಕ್ಕೆ ಬಾಗಿದಳು. ಎದೆಯಿಂದ ಸೀಟಿಯಂಥ ಸದ್ದು. ತುಟಿ ನೀಲಿಗಟ್ಟುತ್ತಿತ್ತು. ಕೈ ಒಳಜೇಬಿನ ಮೇಲೆ ಹೋಗಿ, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದ ಹಾಗೆ ಅಲ್ಲೇ ನಿಂತಿತು. ಜೇಬಕ್ಕ ಓಡಿ ಹೋಗಿ ಆ ಜೇಬಿಗೆ ತಾನೇ ಕೈ ಹಾಕಿದಳು. ಐದೂ ಬೆರಳು ಬರಿದಾಗಿ ಹೊರಗೆ ಬಂದವು. ಇಪ್ಪತ್ತೆಂಟು ವರ್ಷದಲ್ಲಿ ಖಾಲಿ ಜೇಬು ಕಂಡು ಅವಳು ಹೆದರಿದ್ದು ಅದೊಂದೇ ಸಲ.

"ನಾನೇ ತೆಗೆದೆ," ಎಂದಳು. "ಅಯ್ಯೋ, ನಾನೇ ತೆಗೆದಿಟ್ಟೆ. ತಂಗುಮನೆ ತಟ್ಟೇಲಿ ಇದೆ."

ಸೂಜಿ ಚೀಲ ಎಸೆದು, ಬಂಡೆಯಿಂದ ಬಂಡೆಗೆ ಹಾರುತ್ತಾ ಕೆಳಗೆ ಓಡಿದಳು. ಅವಳು ಹೋಗಿ ಬರುವವರೆಗೆ ಕಾಯುತ್ತಾ ಕೂರುವುದು ಸಾಧ್ಯವಿರಲಿಲ್ಲ, ಆ ಗಾಳಿಯಿಂದ ಬಾಣನನ್ನು ಇಳಿಸಲೇಬೇಕು. ಮಲಗಿಸಿದರೆ ಉಸಿರು ಕಟ್ಟುತ್ತದೆ, ನೆಟ್ಟಗೆ ಕೂತೇ ಇಳಿಯಬೇಕು. ಜೇಬಕ್ಕ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದಳು, ಒದ್ದೆ ಬಟ್ಟೆ ಹಿಂಡುವ ಹಾಗೆ ಇಬ್ಬರೂ ಎದುರುಬದುರು ತಿರುಚಿದೆವು. ಜೇಬಕ್ಕ ಬಾಣನನ್ನು ಕೂಸುಮರಿಯ ಹಾಗೆ ಬೆನ್ನಿಗೇರಿಸಿಕೊಂಡು, ಆ ತಿರುಚಿದ ಬಟ್ಟೆಯನ್ನು ಅವಳ ತೊಡೆಯ ಕೆಳಗಿನಿಂದ ತಂದು ತನ್ನ ಎದೆಯ ಮೇಲೆ ಗಂಟು ಹಾಕಿಕೊಂಡಳು. ಲಾಂಡ್ರಿಯಲ್ಲಿ ಕಲಿತ ಗಂಟು, ಎಳೆದಷ್ಟೂ ಬಿಗಿಯುತ್ತದೆ.

ಐವತ್ತೈದು ವರ್ಷದ ಹೆಂಗಸು ಬಂಡೆಯ ಮೇಲೆ ಬಂಡೆ ಇಳಿದಳು. ನಾನು ಮುಂದೆ ಹಿಮ್ಮುಖವಾಗಿ ಇಳಿಯುತ್ತಾ ಅವಳ ಪಾದ ಒಂದೊಂದನ್ನೇ ಹಿಡಿದು ಸರಿಯಾದ ಕಡೆ ಇಡುತ್ತಿದ್ದೆ. ನಡುವೆ ನಾನೂ ಹೊತ್ತೆ, ಆದರೆ ಇನ್ನೂರು ಹೆಜ್ಜೆಗೆ ನನ್ನ ಕಣ್ಣು ಕತ್ತಲಿಟ್ಟು ಮತ್ತೆ ಅವಳಿಗೇ ಕೊಟ್ಟೆ. ಒದ್ದೆ ಗಂಟು ಎತ್ತುವಾಗ ಹೇಳುವ ಹಾಗೆ ಜೇಬಕ್ಕ ಒಂದೇ ಸಮನೆ ಹೇಳುತ್ತಿದ್ದಳು, "ಎಳಿ, ಬಿಡು. ಎಳಿ, ಬಿಡು." ಅದು ತನ್ನ ಕಾಲಿಗೋ ಬೆನ್ನ ಮೇಲಿನ ಉಸಿರಿಗೋ ತಿಳಿಯದು. ಬಾಣ ಆ ತಾಳಕ್ಕೆ ಗಾಳಿ ಎಳೆಯುತ್ತಿದ್ದಳು. ಒಮ್ಮೊಮ್ಮೆ ಸದ್ದು ನಿಂತುಬಿಡುತ್ತಿತ್ತು. ಆಗ ಜೇಬಕ್ಕ ನಿಂತು, ಕತ್ತು ತಿರುಗಿಸಿ, ಅದು ಮತ್ತೆ ಶುರುವಾಗುವವರೆಗೆ ಹೆಜ್ಜೆ ಎತ್ತುತ್ತಿರಲಿಲ್ಲ. ನನಗೆ ದೇವರು ದಿಂಡರು ಯಾರೂ ನೆನಪಾಗಲಿಲ್ಲ. ಆ ಸೀಟಿಯ ಸದ್ದು ನಿಲ್ಲದಿದ್ದರೆ ಸಾಕಿತ್ತು.

ಸೂಜಿ ಎದುರಾದದ್ದು ಸುಮಾರು ಮೂರು ಗಂಟೆ ಕಳೆದ ಮೇಲೆ, ಅರ್ಧ ದಾರಿಯಲ್ಲಿ, ತಂಗುಮನೆಯವನೊಂದಿಗೆ, ಮುಖವೆಲ್ಲ ಕೆಂಪಾಗಿ, ಒಂದು ಮೊಣಕಾಲು ಒಡೆದು ರಕ್ತ. ನೀಲಿ ವಸ್ತು ಅವಳ ಮುಷ್ಟಿಯಲ್ಲಿತ್ತು. ಬಾಣ ಎರಡು ಸಲ ಎಳೆದುಕೊಂಡಳು, ತಡೆದು ಮತ್ತೆ ಎರಡು ಸಲ. ಉಸಿರು ಒಳಗೆ ಹೋದದ್ದು ನಮಗೆ ಕಾಣಿಸಿತು. ಆಮೇಲೆಯೇ ಜೇಬಕ್ಕ ಗಂಟು ಬಿಚ್ಚಿದ್ದು. ಅವಳ ಹೆಗಲಿನಲ್ಲಿ ಬಟ್ಟೆ ಕೊರೆದ ಗಾಯ ಆರಲು ತಿಂಗಳು ಹಿಡಿಯಿತು.

ಕಣಿವೆಯ ಆಸ್ಪತ್ರೆಯಲ್ಲಿ ಎರಡು ದಿನ, ಆಮೇಲೆ ನಮ್ಮದರಲ್ಲೇ ಒಂದು ವಾರ. ನಾವು ಒಗೆದ, ಬಾಣ ತಾನೇ ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ ಬಾಣ ಮಲಗಿದ್ದಳು. ನಾಲ್ಕನೆಯ ದಿನ ಜೇಬಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಮಂಚದ ಪಕ್ಕ ನಿಂತು, ಒಪ್ಪಿಸುವ ಪಾಠದ ಹಾಗೆ ಒಂದೇ ಉಸಿರಿಗೆ ಹೇಳಿದಳು, "ನಾನು ತೆಗೆದೆ. ತೆಗೆದೋಳು ಹೇಳ್ಲಿಲ್ಲ. ಹೇಳಿದ್ರೆ ನಿನಗೆ ಅವಮಾನ ಆಗುತ್ತೆ ಅಂದ್ಕೊಂಡೆ. ನಿನ್ನ ಜೀವಕ್ಕಿಂತ ಅದು ದೊಡ್ಡದಾಗಿ ಕಾಣಿಸ್ತು ನನಗೆ."

ಬಾಣ ಮೇಲ್ಛಾವಣಿ ನೋಡುತ್ತಲೇ ಮಾತಾಡಿದಳು. "ಅಕ್ಕ, ನಾನು ನೋಡಿದೆ," ಎಂದಳು. "ಬೆಳಿಗ್ಗೆ ತಟ್ಟೇಲಿ ಇತ್ತು. ನೋಡಿಯೂ ಬಿಟ್ಟು ಬಂದೆ."

"ನೋಡಿದ್ಯಾ? ಮತ್ತೆ ತಗೊಳ್ಲಿಲ್ಲ ಯಾಕೆ?"

"ಜನ ಇದ್ರು." ಬಾಣ ಗೋಡೆಯ ಕಡೆ ತಿರುಗಿಕೊಂಡಳು. "ಗೊತ್ತಾದ್ರೆ ನೀವೂ ಹೇಳ್ತಿದ್ರಿ, ಕೆಳಗೇ ಇರು, ಹೋಗ್ಬಿಟ್ಟು ಬರ್ತೀವಿ ಅಂತ. ಸೋಪಿನವಳಿಗೆ ಹೇಳಿದ ಹಾಗೆ."

ಜನ ಎಂದರೆ ನಾನು. ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ, ಕಿಟಕಿಗೆ ಒರಗಿ, ಕೈಯಲ್ಲಿ ಲೋಟ ಹಿಡಿದು. ಬಾಣ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೆಟ್ಟಿಲು ಇಳಿಯುವಾಗ ಜೇಬಕ್ಕ ಗೋಡೆ ಹಿಡಿದುಕೊಂಡು ನಿಂತಳು. "ಜನ ಅಂದ್ರೆ ನಾನೇ ಕಣೇ. ನಲ್ಲಿ ಹತ್ರ ನಿಂತು ಕಿಟಕಿಯೊಳಗೆ ನೋಡ್ತಾ ಇದ್ದೆ, ತಗೊಂಡ್ಳಾ ಇಲ್ವಾ ಅಂತ. ಗಾಜಿಗೆ ಹಬೆ ಕಟ್ಟಿ ಏನೂ ಕಾಣ್ಲಿಲ್ಲ, ತಗೊಂಡಿರ್ತಾಳೆ ಅಂದ್ಕೊಂಡೆ. ನನ್ನ ಕಣ್ಣಿಗೆ ಹೆದರಿ ಬಿಟ್ಟು ಬಂದಿದ್ದಾಳೆ." ಅಲ್ಲ ಎನ್ನಲು ನನಗೆ ಒಂದು ಮಾತು ಸಾಕಿತ್ತು. ನಾನು "ಬಾ ಅಕ್ಕ, ಹೊತ್ತಾಯ್ತು" ಎಂದೆ.

ಮರುದಿನ ಜೇಬಕ್ಕ ಬಾಗಿಲ ಪಕ್ಕದ ಡಬ್ಬಿಯನ್ನು ಎತ್ತಿ ಕಸಕ್ಕೆ ಹಾಕಿದಳು. ಬೆಟ್ಟಕ್ಕೆ ನಾವು ಮತ್ತೆ ಹೋಗಲಿಲ್ಲ. ಸೂಜಿ ಒಂದೆರಡು ಸಲ ಮಾತು ತೆಗೆದಳು, ಯಾರೂ ಮುಂದುವರಿಸಲಿಲ್ಲ. ಬಾಣನನ್ನು ಹಬೆಯಿಂದ ತಪ್ಪಿಸಿ, ಮೇಲೆ ಬಟ್ಟೆ ಹಂಚುವ ಕೋಣೆಗೆ ಹಾಕಿದರು. ಅಲ್ಲಿ ಕಿಟಕಿ ಇದೆ, ಅವಳು ಚೆನ್ನಾಗಿಯೇ ಇದ್ದಾಳೆ.

ಜೇಬಕ್ಕ ಮಾತ್ರ ಹತ್ತುವುದನ್ನು ಬಿಡಲಿಲ್ಲ. ಅವಳಿಗೊಂದು ಹೊಸ ಚಾಳಿ ಶುರುವಾಯಿತು. ಜೇಬಿನಲ್ಲಿ ಸಿಕ್ಕಿದ ಪ್ರತಿ ವಸ್ತುವನ್ನೂ ಮಧ್ಯಾಹ್ನದ ಬಿಡುವಿನಲ್ಲಿ ತಾನೇ ತೆಗೆದುಕೊಂಡು ಹೋಗಿ, ಆ ಬಟ್ಟೆಯವರನ್ನು ಹುಡುಕಿ, ಒಬ್ಬರೇ ಇರುವಾಗ ಕೈಗೆ ಕೊಡುವುದು. "ಇದು ನಿಮ್ದಾ? ಬೇಕಾಗುತ್ತಾ?" ಎಂದು ಕೇಳುವುದು. ಅವರು ಹೌದು ಎಂದ ಮೇಲೆಯೇ ಹಿಂದಿರುಗುವುದು. ಒಂದು ಬಾಚಣಿಗೆಗಾಗಿ ನಾಲ್ಕು ಮಹಡಿ. ಲಿಫ್ಟು ರೋಗಿಗಳಿಗೆ ಎಂದು ಅದನ್ನು ಹತ್ತುತ್ತಿರಲಿಲ್ಲ. ಬೆಟ್ಟದಿಂದ ಇಳಿದಾಗ ಹೋದ ಮಂಡಿ ಸರಿಯಾಗಿರಲಿಲ್ಲ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು ಹತ್ತುತ್ತಿದ್ದಳು. ಊಟದ ಡಬ್ಬಿ ಎಷ್ಟೋ ದಿನ ಹಾಗೆಯೇ ಮನೆಗೆ ಹೋಗುತ್ತಿತ್ತು. ಮೂರು ವರ್ಷ ನಾನು ಕೆಳಗೆ ಕೂತು, ಚಹಾ ಕುಡಿಯುತ್ತಾ, ಅವಳ ಚಪ್ಪಲಿಯ ಸದ್ದು ಮೇಲೆ ಮೇಲೆ ಹೋಗುವುದನ್ನು ಕೇಳಿಸಿಕೊಂಡೆ.

ನಿವೃತ್ತಿಯ ದಿನ ಭಾಷಣ, ಹಾರ ಏನೂ ಬೇಡ ಎಂದು ಅವಳು ಮೊದಲೇ ಹೇಳಿದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಜೇಬಕ್ಕ ಅಂದು ಸಿಕ್ಕಿದ ವಸ್ತುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದಳು: ಒಂದು ಬೀಗದಕೈ, ಒಂದು ಪೆನ್ನು, ಒಂದು ಕಿವಿಯೋಲೆ. ನಾಳೆಯಿಂದ ಇವಳು ಇರುವುದಿಲ್ಲ, ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನಿಸಿತು.

"ಅಕ್ಕ, ಅವತ್ತು ಜನ ಅಂದಿದ್ದು ನೀನಲ್ಲ. ನಾನು. ಒಳಗೆ ಚಹಾ ಕುಡೀತಾ ಕೂತಿದ್ದೆ. ಹೋಗು ಹೋಗು ಅಂತ ಅವಳು ಎರಡು ಸಲ ಹೇಳಿದ್ಳು. ನಾನು ಏಳ್ಲಿಲ್ಲ."

ಜೇಬಕ್ಕ ಕಟ್ಟುತ್ತಿದ್ದ ಗಂಟನ್ನು ಅರ್ಧಕ್ಕೆ ಬಿಟ್ಟಳು. ಬಟ್ಟೆಯ ಗಾಡಿಯ ಅಂಚಿಗೆ ಮೆಲ್ಲಗೆ ಕೂತಳು. ಬಯ್ಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಎರಡೂ ಮಂಡಿಗಳನ್ನು ಅಂಗೈಯಿಂದ ನಿಧಾನವಾಗಿ ಉಜ್ಜಿಕೊಳ್ಳುತ್ತಾ ನನ್ನನ್ನೇ ನೋಡಿದಳು.

"ಮೂರು ವರ್ಷ," ಎಂದಳು. "ಅರ್ಧ ಮೆಟ್ಟಿಲು ನೀನು ಹತ್ತಬಹುದಿತ್ತಲ್ಲೇ."

ಅವಳು ಕರವಸ್ತ್ರ ನನ್ನ ಕಡೆ ಚಾಚಿದಳು. "ಬೀಗದಕೈ ನಾಲ್ಕನೇ ಮಹಡಿ ಸಣ್ಣ ಡಾಕ್ಟ್ರದ್ದು. ಕಿವಿಯೋಲೆ ಎರಡನೇ ಮಹಡಿ. ಪೆನ್ನು ಯಾರದೋ ಗೊತ್ತಿಲ್ಲ, ಕೇಳಬೇಕು. ಕೈಗೇ ಕೊಡು, ಎಲ್ಲೂ ಇಟ್ಟು ಬರಬೇಡ."

"ನೀನು?"

"ನಾನು ಊಟ ಮಾಡ್ತೀನಿ" ಎಂದು ಜೇಬಕ್ಕ ಡಬ್ಬಿಯ ಮುಚ್ಚಳ ತೆಗೆದಳು.

ನಾನು ಹತ್ತಿದೆ. ಮೂರನೆಯ ಮಹಡಿಯಲ್ಲೇ ಉಸಿರು ಸಿಕ್ಕದೆ ಕಂಬಿ ಹಿಡಿದು ನಿಲ್ಲಬೇಕಾಯಿತು. ಆಮೇಲೆ ಮತ್ತೆ ಹತ್ತಿ, ಸಣ್ಣ ಡಾಕ್ಟರು ಒಬ್ಬರೇ ಆಗುವವರೆಗೆ ಬಾಗಿಲ ಹೊರಗೆ ಕಾದು, ಬೀಗದಕೈಯನ್ನು ಅವರ ಕೈಗೆ ಕೊಟ್ಟೆ.